ಎಣ್ಣೆ ತಿನ್ನೋ ಜೀವಿ, ಹತ್ತಿ ಬೀಜದ ಬೆಲೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ವೀಕ್ಷಕರೇ, ಸಮುದ್ರದಲ್ಲಿ ಎಣ್ಣೆ ಚೆಲ್ಲಿದರೆ ನಮಗೇನು ಅಂತೀರಾ? ತಾಳಿ. ನೀವು ಕೊಳ್ಳೋ ಹತ್ತಿ ಬೀಜಕ್ಕೂ ಅದಕ್ಕೂ ನಂಟಿದೆ.

ಬಂಗಾಳದ ಆನಂದ ಮೋಹನ ಚಕ್ರಬರ್ತಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಯಾಗಿದ್ದರು. ಮಣ್ಣಲ್ಲಿರುವ ಸೂಡೋಮೊನಾಸ್ ಬ್ಯಾಕ್ಟೀರಿಯಾದ ಒಂದೊಂದು ತಳಿ ಎಣ್ಣೆಯ ಒಂದೊಂದು ಅಂಶವನ್ನಷ್ಟೇ ಅರಗಿಸುತ್ತಿತ್ತು. ಆ ಶಕ್ತಿ ಇದ್ದದ್ದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳಲ್ಲಿ. ಅಂಥ ನಾಲ್ಕನ್ನು ಅವರು ಒಂದೇ ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. 1972ರಲ್ಲಿ ಪೇಟೆಂಟ್ ಕೇಳಿದರು. ಜೀವಿಗೆ ಪೇಟೆಂಟ್ ಇಲ್ಲ ಎಂದಿತು ಕಚೇರಿ. 1980ರ ಜೂನ್ 16ರಂದು ಅಮೆರಿಕದ ಸುಪ್ರೀಂ ಕೋರ್ಟ್ 5-4 ಬಹುಮತದಲ್ಲಿ ಅವರ ಪರ ತೀರ್ಪು ಕೊಟ್ಟಿತು.

ತಮಾಷೆ ನೋಡಿ, ಆ ಬ್ಯಾಕ್ಟೀರಿಯಾವನ್ನು ಸಮುದ್ರಕ್ಕೆ ಬಿಡಲೇ ಇಲ್ಲ. ಅಲ್ಲಿ ಆಲ್ಕನಿವೊರಾಕ್ಸ್‌ನಂಥ ಸಮುದ್ರದ್ದೇ ಬ್ಯಾಕ್ಟೀರಿಯಾಗಳು ಯಾವ ಪೇಟೆಂಟೂ ಇಲ್ಲದೆ ಎಣ್ಣೆ ತಿನ್ನುತ್ತಿವೆ. ಉಳಿದದ್ದು ತೀರ್ಪು. ಬೀಜದೊಳಗಿನ ಜೀನ್ ಮೇಲೂ ಕಂಪನಿಗಳು ಹಕ್ಕು ಕೇಳಲು ಅದು ದಾರಿ ಮಾಡಿತು. 2002ರಲ್ಲಿ ಬಿ.ಟಿ. ಹತ್ತಿ ನಮ್ಮ ದೇಶಕ್ಕೆ ಬಂತು. ಬೀಜದ ಬೆಲೆಯೊಳಗೆ ಜೀನಿನ ಶುಲ್ಕವೂ ಸೇರಿತು. ಆ ಜೀನೂ ಮಣ್ಣಿನ ಬ್ಯಾಕ್ಟೀರಿಯಾದ್ದೇ!

ಮಣ್ಣಿನ ಜೀವಿಯ ಗುಣಕ್ಕೆ ಒಡೆಯ ಯಾರು? ಸಮುದ್ರ ದೂರ ಇರಬಹುದು, ಬೀಜದ ಪ್ಯಾಕೆಟ್ ನಿಮ್ಮ ಕೈಯಲ್ಲೇ ಇದೆ.