ಗೋಡೆಯ ಮೇಲಿನ ಅರಸರು, ಗೋಡೆಯ ಮೇಲಿನ ತೀರ್ಪು

ದೇವಾಲಯಕ್ಕೆ ದಾನವಿತ್ತವರ ಹೆಸರುಗಳನ್ನು ಅಮೃತಶಿಲೆಯಲ್ಲಿ ಕೊರೆಸುವುದು ನಮ್ಮಲ್ಲಿ ರೂಢಿ. ಪೂರ್ವದ ಆರ್ಥೊಡಾಕ್ಸ್ ಧರ್ಮಸಭೆಯಲ್ಲಿ ದಾನಿಯ ರೂಪವನ್ನೇ ಗೋಡೆಯ ಮೇಲೆ ಬರೆಸುವ ಸಂಪ್ರದಾಯ ಬೆಳೆದುಬಂದಿತು. ಅರಸನು ತಾನು ಕಟ್ಟಿಸಿದ ದೇವಾಲಯದ ಪುಟ್ಟ ಪ್ರತಿಕೃತಿಯನ್ನು ಕೈಯಲ್ಲಿ ಹಿಡಿದು, ಮಡದಿಮಕ್ಕಳೊಡನೆ, ಸಿಂಹಾಸನಾರೂಢರಾದ ಪ್ರಭು ಕ್ರಿಸ್ತರ ಸನ್ನಿಧಿಯಲ್ಲಿ ನಿಂತಿರುತ್ತಾನೆ. ಶತಮಾನೋತ್ಸವದ ಈ ಸಂದರ್ಭದಲ್ಲಿ ಅಂಥ ಕೆಲವು ಚಿತ್ರಗಳ ಕಡೆಗೆ ವಾಚಕರ ಗಮನ ಸೆಳೆಯಬಯಸುತ್ತೇವೆ.

ಇಂದಿನ ರುಮೇನಿಯಾದ ಈಶಾನ್ಯ ಭಾಗವು ಹಿಂದೆ ಮೊಲ್ಡಾವಿಯಾ ಸಂಸ್ಥಾನಕ್ಕೆ ಸೇರಿತ್ತು. 1457ರಿಂದ 1504ರವರೆಗೆ ಅದನ್ನಾಳಿದ ಮಹಾಸ್ತೇಫಾನನು 1475ರಲ್ಲಿ ವಾಸ್ಲುಯಿಯ ಬಳಿ ತುರ್ಕರ ಸೇನೆಯನ್ನು ಸೋಲಿಸಿ, ಜಗದ್ಗುರು ನಾಲ್ಕನೆಯ ಸಿಕ್ಸ್ತುಸರ ಪ್ರಶಂಸೆಗೆ ಪಾತ್ರನಾದನು. 1487ರಲ್ಲಿ ಪತ್ರೌತ್ಸಿಯ ದೇವಾಲಯವನ್ನೂ 1488ರಲ್ಲಿ ವೊರೊನೆಟ್ಸಿನ ದೇವಾಲಯವನ್ನೂ ಕಟ್ಟಿಸಿದನು.

ಈ ಇಸವಿಗಳನ್ನು ಗಮನಿಸಬೇಕು. ಬಿಜಾಂಟಿಯಮ್ಮಿನ ಪಂಚಾಂಗವು ಲೋಕಸೃಷ್ಟಿಯಿಂದ ವರ್ಷಗಳನ್ನು ಎಣಿಸುತ್ತಿತ್ತು. ಆ ಎಣಿಕೆಯ 7000ನೆಯ ವರ್ಷವು 1492ರ ಆಗಸ್ಟ್ ತಿಂಗಳಿಗೆ ಮುಗಿಯತಕ್ಕದ್ದಾಗಿತ್ತು. ಅದರೊಡನೆ ಲೋಕವೂ ಮುಗಿಯುವುದೆಂಬ ನಂಬಿಕೆ ಬಹುಜನರಲ್ಲಿ ಬೇರೂರಿತ್ತು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದದ್ದು ಆ ಭಯವನ್ನು ಹೆಚ್ಚಿಸಿತು. ವೊರೊನೆಟ್ಸಿನ ಗೋಡೆಯ ಮೇಲೆ ಸ್ತೇಫಾನನು ದೇವಾಲಯವನ್ನು ಹಿಡಿದು ನಿಂತಿದ್ದಾನೆ. ಸಂತ ಜಾರ್ಜರು ಅವನ ಪರವಾಗಿ ಪ್ರಭುವಿನಲ್ಲಿ ಬಿನ್ನವಿಸುತ್ತಿದ್ದಾರೆ. ತೀರ್ಪಿನ ದಿನವನ್ನು ಎದುರುನೋಡುವವನು ಸಲ್ಲಿಸಿದ ಅರ್ಜಿ ಅದು. ಆದರೆ ಕೇವಲ ಅರ್ಜಿಯಲ್ಲ. ಜೊತೆಗೆ ರಾಣಿಯೂ ಮಗ ಬೊಗ್ದಾನನೂ ಇದ್ದಾರೆ. ಮುಂದೆ ಪಟ್ಟವೇರುವವನು ಯಾರೆಂಬುದನ್ನು ಪೂಜೆಗೆ ಬಂದವರೆಲ್ಲರೂ ಕಣ್ಣಾರೆ ಕಂಡು ಹೋಗುತ್ತಿದ್ದರು. ಪತ್ರೌತ್ಸಿಯಲ್ಲಿ ದೇವದೂತ ಮಿಕೇಲರ ಹಿಂದೆ ಚಕ್ರವರ್ತಿ ಕಾನ್‌ಸ್ಟಂಟೈನನೂ ಯೋಧಸಂತರೂ ಕುದುರೆಯೇರಿ ಸಾಗುವ ಚಿತ್ರವಿದೆ. ಅವರು ಯಾರ ಮೇಲೆ ದಂಡೆತ್ತಿ ಹೊರಟಿದ್ದರೆಂದು ಆ ಕಾಲದ ಜನರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಲೋಕವೇನೋ ಮುಗಿಯಲಿಲ್ಲ. ಸ್ತೇಫಾನನ ಮಗ ಪೇತ್ರು ರಾರೆಶನು 1527ರಲ್ಲಿ ಪಟ್ಟವೇರಿದನು. ಅವನ ಕಾಲದಲ್ಲಿ ಚಿತ್ರಗಳು ಹೊರಗೋಡೆಗಳಿಗೂ ಹಬ್ಬಿದವು. 1535ರಲ್ಲಿ ಹುಮೋರಿನಲ್ಲಿ, 1537ರಲ್ಲಿ ಮೊಲ್ಡೊವಿತ್ಸಾದಲ್ಲಿ ಕಾನ್‌ಸ್ಟಾಂಟಿನೋಪಲ್ ಮುತ್ತಿಗೆಯನ್ನು ಬರೆದರು. ಅದು ಮಾತೆ ಮರಿಯಮ್ಮನವರ ಕೃಪೆಯಿಂದ ನಗರವು ಉಳಿದುಕೊಂಡ 626ರ ಮುತ್ತಿಗೆ. ಆದರೆ ಮುತ್ತಿದವರಿಗೆ ತೊಡಿಸಿದ ಉಡುಪು ತುರ್ಕರದು. ಏಳನೆಯ ಶತಮಾನದಲ್ಲಿ ಇಲ್ಲದ ಫಿರಂಗಿಗಳೂ ಅಲ್ಲಿವೆ! ಸೋತ ನಗರವನ್ನು ಕಲಾವಿದರು ಗೋಡೆಯ ಮೇಲೆ ಗೆಲ್ಲಿಸಿದರು.

1547ರಲ್ಲಿ ವೊರೊನೆಟ್ಸಿನ ಪಶ್ಚಿಮ ಗೋಡೆಯನ್ನೆಲ್ಲ ಅಂತಿಮ ತೀರ್ಪಿನ ಚಿತ್ರವು ತುಂಬಿತು. ಪ್ರವಾದಿ ದಾನಿಯೇಲನು ಕಂಡ ಬೆಂಕಿಯ ಹೊಳೆಯು ಪ್ರಭುವಿನ ಪಾದದಿಂದ ಇಳಿದು ನರಕಕ್ಕೆ ಹರಿಯುತ್ತದೆ. ತುರ್ಕರೂ ತಾರ್ತಾರರೂ ತಮ್ಮ ತಮ್ಮ ಪೇಟಗಳಲ್ಲಿ ತೀರ್ಪಿಗಾಗಿ ಕಾದಿದ್ದಾರೆ. ಮೊಲ್ಡಾವಿಯಾದ ಇಂಥ ಕೆಲವು ಚಿತ್ರಗಳಲ್ಲಿ ಅವರ ಪಕ್ಕದಲ್ಲೇ ಇನ್ನೊಂದು ಗುಂಪೂ ಇದೆ: ಲತೀನರು, ಅಂದರೆ ಸಾಕ್ಷಾತ್ ನಾವೇ. ಸ್ತೇಫಾನನನ್ನು ಹೊಗಳಿದ ಜಗದ್ಗುರುಗಳ ಮಂದೆಗೆ ದೊರೆತ ಸ್ಥಾನ ಅದು. ನಸುನಕ್ಕು ಮುಂದೆ ಹೋಗಬಹುದು. ಆದರೆ ನಮ್ಮ ಕಡೆಯ ಚಿತ್ರಕಾರರೂ ತಮಗಾಗದವರನ್ನು ನರಕದಲ್ಲಿ ಕೂರಿಸಲು ಹಿಂಜರಿದವರಲ್ಲ. ಎರಡೂ ಧರ್ಮಸಭೆಗಳು 1054ರ ಬಹಿಷ್ಕಾರಗಳನ್ನು ಹಿಂತೆಗೆದುಕೊಂಡದ್ದು 1965ರ ಡಿಸೆಂಬರ್ 7ರಂದು.

ಗೋಡೆಯು ಹೇಳಿದಂತೆ ಚರಿತ್ರೆ ನಡೆಯಿತೆ? ಹುಮೋರಿನ ಚಿತ್ರ ಮುಗಿದ ಮೂರು ವರ್ಷಕ್ಕೆ, 1538ರಲ್ಲಿ, ಸುಲ್ತಾನ್ ಸುಲೈಮಾನನು ದಂಡೆತ್ತಿ ಬಂದಾಗ ರಾರೆಶನು ಟ್ರಾನ್ಸಿಲ್ವೇನಿಯಾಕ್ಕೆ ಓಡಿಹೋದನು. 1541ರಲ್ಲಿ ಮರಳಿ ಪಟ್ಟಕ್ಕೆ ಬಂದದ್ದು ಅದೇ ಸುಲ್ತಾನನ ಅನುಗ್ರಹದಿಂದ. 1546ರಲ್ಲಿ ತೀರಿಕೊಂಡನು. ಅನಂತರ ಪಟ್ಟವೇರಿದ ಮಗ ಇಲಿಯಾಶನ ಆಳ್ವಿಕೆಯಲ್ಲೇ ವೊರೊನೆಟ್ಸಿನ ಅಂತಿಮ ತೀರ್ಪು ಬರೆಯಲ್ಪಟ್ಟಿತು. 1551ರಲ್ಲಿ ಆ ಇಲಿಯಾಶನು ಪಟ್ಟವನ್ನು ಬಿಟ್ಟು, ಇಸ್ಲಾಂ ಮತವನ್ನು ಸ್ವೀಕರಿಸಿ, ಮೆಹಮದ್ ಎಂಬ ಹೆಸರಿನಿಂದ ಸುಲ್ತಾನನ ಪರವಾಗಿ ಸಿಲಿಸ್ತ್ರಾದ ಅಧಿಪತಿಯಾದನು. ತುರ್ಕರನ್ನು ತೀರ್ಪಿಗೆ ನಿಲ್ಲಿಸಿದ ಆ ಗೋಡೆಗೆ ಬಣ್ಣ ಹಚ್ಚಿ ಆಗ ನಾಲ್ಕೇ ವರ್ಷ ಕಳೆದಿತ್ತು.