ಮಿದುಳಿನ ಪಿಎಚ್‌ಡಿ ಮತ್ತು ಕೊಡಗು

ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಡಿಗ್ರಿ ಮುಗಿಸಿ, ಮಿದುಳಿನ ಮೇಲೆ ಸಂಶೋಧನೆ ಮಾಡಬೇಕೆನ್ನುವ ಹುಡುಗ ಹುಡುಗಿಯರು ಇವತ್ತಿಗೂ ಬೆಂಗಳೂರಿನ ಬಸ್ಸನ್ನೇ ಹತ್ತಬೇಕು. ಅಲ್ಲಿ ಈ ವಿದ್ಯೆ ಬೇರು ಬಿಟ್ಟದ್ದು ಆಸ್ಪತ್ರೆಯ ಅಂಗಳದಲ್ಲಿ. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಜೊತೆಗೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. 1994ರಲ್ಲಿ ಅದಕ್ಕೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ರೋಗಿಗಳ ವಾರ್ಡಿಗೂ ಇಲಿಗಳ ಪ್ರಯೋಗಾಲಯಕ್ಕೂ ಒಂದೇ ಕಾಂಪೌಂಡು. ನಿಮ್ಹಾನ್ಸಿನ ನಿಜವಾದ ಬಲ ಇದೇ.

ಅಲ್ಲಿನ ನರಶರೀರಕ್ರಿಯಾ ವಿಭಾಗದಲ್ಲಿ ಟಿ. ದೇಸಿರಾಜು ಮತ್ತು ಸಂಗಡಿಗರು ಗಾಲ್ಗಿ ವಿಧಾನದಲ್ಲಿ ನರಕೋಶಗಳನ್ನು ನೋಡುತ್ತಿದ್ದರು. ಬೆಳ್ಳಿಯ ಲವಣದಲ್ಲಿ ನೆನೆಸಿದ ಮಿದುಳಿನಲ್ಲಿ ಬೆರಳೆಣಿಕೆಯ ಕೋಶಗಳಷ್ಟೇ ಕಪ್ಪಾಗುತ್ತವೆ, ಆದರೆ ಒಂದೊಂದೂ ಕೊಂಬೆ ರೆಂಬೆ ಸಮೇತ ಪೂರ್ತಿ ಕಾಣುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಅದರ ಚಿತ್ರ ಬರೆದು, ಸುತ್ತ ವೃತ್ತಗಳನ್ನೆಳೆದು, ಯಾವ ವೃತ್ತವನ್ನು ಎಷ್ಟು ಕವಲು ದಾಟಿವೆ ಎಂದು ಎಣಿಸಬೇಕು. ಒಂದು ಕೋಶ ಮುಗಿದರೆ ಇನ್ನೊಂದು. ಈ ಕೈಕೆಲಸವನ್ನು ಯಾವ ಪಠ್ಯಪುಸ್ತಕವೂ ಕಲಿಸದು, ಗೈಡ್ ಪಕ್ಕದಲ್ಲಿ ಕೂತೇ ಕಲಿಯಬೇಕು. ಇದೇ ಎಣಿಕೆ ಮುಂದೆ ದೊಡ್ಡ ಫಲ ಕೊಟ್ಟಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಸುಮಂತ್ರ ಚಟರ್ಜಿ ಅವರ ಪ್ರಯೋಗಾಲಯ ನಿಮ್ಹಾನ್ಸಿನ ಬಿ.ಎಸ್. ಶಂಕರನಾರಾಯಣ ರಾವ್ ಅವರೊಡನೆ 2002ರಲ್ಲಿ ಪ್ರಕಟಿಸಿದ ಅಧ್ಯಯನ, ದೀರ್ಘಕಾಲದ ಒತ್ತಡದಿಂದ ಇಲಿಗಳಲ್ಲಿ ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್‌ನಲ್ಲಿ ಕವಲುಗಳು ಕುಗ್ಗಿ, ಭಯದ ಕೇಂದ್ರವಾದ ಅಮಿಗ್ಡಲದಲ್ಲಿ ಹಬ್ಬುತ್ತವೆ ಎಂದು ತೋರಿಸಿತು. 2009ರಲ್ಲಿ ಐಐಎಸ್ಸಿಯಲ್ಲೂ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ನೇತೃತ್ವದಲ್ಲಿ ನರವಿಜ್ಞಾನ ಕೇಂದ್ರ ತೆರೆಯಿತು.

ಈ ನಡುವೆ ನಿಯಮಗಳೂ ಬದಲಾದವು. ಯುಜಿಸಿಯ 2016ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮೊದಲು ಜರ್ನಲ್‌ನಲ್ಲಿ ಲೇಖನ ಪ್ರಕಟವಾಗಲೇಬೇಕಿತ್ತು. 2022ರಲ್ಲಿ ಆ ಕಡ್ಡಾಯ ಹೋಯಿತು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್‌ ಆಯಿತು. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ ಎಂಬ ಅವಧಿ ಹಾಗೇ ಉಳಿಯಿತು. ಕಡ್ಡಾಯ ತೆಗೆದದ್ದು ಒಳ್ಳೆಯದೇ ಆಯಿತು: ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಪಡೆಯುವುದರಲ್ಲೇ ತಿಂಗಳುಗಳು ಕಳೆಯುವ ವಿದ್ಯೆಯಲ್ಲಿ, ಅವಸರದ ಲೇಖನ ಯಾರಿಗೂ ಬೇಡ.

ಕೊಡಗಿಗೆ ಹೆಚ್ಚು ಬೇಕಾದ್ದು ಅದೇ 2022ರ ಇನ್ನೊಂದು ಅಂಶ. ಬೇರೆ ಸಂಸ್ಥೆಯವರು ಸಹಮಾರ್ಗದರ್ಶಕರಾಗಬಹುದು. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಚಿಕ್ಕ ಅಳುವಾರದ ಜ್ಞಾನಕಾವೇರಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಯಿತು. ಅಲ್ಲಿ ಒಬ್ಬ ಗೈಡ್, ಬೆಂಗಳೂರಿನಲ್ಲಿ ಇನ್ನೊಬ್ಬರು ಎಂಬ ಏರ್ಪಾಟಿಗೆ ನಿಯಮದ ಅಡ್ಡಿಯಿಲ್ಲ. ಮಿದುಳಿನ ಸಂಶೋಧನೆಗೆಲ್ಲ ದುಬಾರಿ ಯಂತ್ರ ಬೇಕೆಂದೂ ಇಲ್ಲ. ಐಐಎಸ್ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರ ನೆನಪು, ಯೋಚನೆ, ವಯಸ್ಸಾಗುವಿಕೆಯನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. 10,000 ಜನರನ್ನು ಸೇರಿಸಿಕೊಳ್ಳುವ ಗುರಿ ಅದರದು. ನಮ್ಮ ತೋಟಗಳ ಲೈನ್ ಮನೆಗಳಲ್ಲಿ, ಹಾಡಿಗಳಲ್ಲಿ ವಯಸ್ಸಾಗುತ್ತಿರುವವರ ನೆನಪನ್ನು ಅಳೆಯುವವರು ಯಾರು? ಅಳೆಯುವ ಪ್ರಶ್ನೆಗಳು ಕನ್ನಡದಲ್ಲಷ್ಟೇ ಇದ್ದರೆ ಸಾಲದು. ಕೊಡವ ತಕ್ಕ್, ಅರೆಭಾಷೆ, ಯರವ, ಜೇನುಕುರುಬರ ಮಾತಿನಲ್ಲಿ ಅವನ್ನು ಕಟ್ಟಿ, ಅಕ್ಷರ ಬಾರದವರ ಮೇಲೂ ಪರೀಕ್ಷಿಸಿ ನೋಡಬೇಕು. ಒಂದು ಪಿಎಚ್‌ಡಿಗೆ ಅಷ್ಟೇ ಕೆಲಸ ಧಾರಾಳವಾಯಿತು, ಮತ್ತು ಅದನ್ನು ಬೆಂಗಳೂರಿನಲ್ಲಿ ಕೂತು ಮಾಡಲಾಗದು.