ಬಿಟ್ಟುಬಂದ ನಾಯಿಗಳು, ಕೈಬಿಡದ ಅಭಿಮಾನಿಗಳು

ಅದು 2005ರ ಸೆಪ್ಟೆಂಬರ್ ತಿಂಗಳ ಮೊದಲ ವಾರ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ‘ಸೂಪರ್‌ಡೋಮ್’ ಕ್ರೀಡಾಂಗಣದ ಹೊರಗೆ ನಿರಾಶ್ರಿತರು ಬಸ್ ಹತ್ತಲು ಸಾಲುಗಟ್ಟಿ ನಿಂತಿದ್ದರು. ಒಬ್ಬ ಪುಟ್ಟ ಹುಡುಗನ ಕೈಯಲ್ಲಿದ್ದ ನಾಯಿಯನ್ನು ಪೊಲೀಸರು ಕಿತ್ತುಕೊಂಡರು. ಬಸ್ಸಿನಲ್ಲಿ ಪ್ರಾಣಿಗಳಿಗೆ ಜಾಗವಿಲ್ಲ ಎಂಬುದು ನಿಯಮ. ‘ಸ್ನೋಬಾಲ್, ಸ್ನೋಬಾಲ್’ ಎಂದು ಅಳುತ್ತಲೇ ಆ ಹುಡುಗ ವಾಂತಿ ಮಾಡಿಕೊಂಡ. ಸುದ್ದಿಸಂಸ್ಥೆಯೊಂದರ ವರದಿಯಲ್ಲಿ ಬಂದ ಈ ಎರಡು ಸಾಲು ದೇಶವನ್ನೇ ಕಲಕಿತು. ಹುಡುಗನಿಗೆ ನಾಯಿ ಮರಳಿ ಸಿಕ್ಕಿತೆಂಬ ಸುದ್ದಿಯೂ ಮುಂದೆ ಹರಡಿತು. ಆದರೆ ಅದು ಖಚಿತಪಡಲಿಲ್ಲ.

ಕತ್ರಿನಾ ಚಂಡಮಾರುತ ಆಗಸ್ಟ್ 29ರಂದು ದಡ ಮುಟ್ಟಿತ್ತು. ನಗರವನ್ನು ಕಾಯಬೇಕಿದ್ದ ಒಡ್ಡುಗಳು ಒಡೆದು ಶೇ 80ರಷ್ಟು ಭಾಗ ನೀರಿನಲ್ಲಿ ಮುಳುಗಿತು. ಸತ್ತವರು 1,800ಕ್ಕೂ ಹೆಚ್ಚು ಎಂದು ಬಹುಕಾಲ ಹೇಳಲಾಗುತ್ತಿತ್ತು. 2023ರಲ್ಲಿ ಈ ಸಂಖ್ಯೆಯನ್ನು 1,392 ಎಂದು ಪರಿಷ್ಕರಿಸಲಾಯಿತು. ಎರಡು ಮೂರು ದಿನಗಳಲ್ಲಿ ಹಿಂದಿರುಗಬಹುದೆಂದು ನಂಬಿದ ಎಷ್ಟೋ ಮಂದಿ ನಾಯಿ, ಬೆಕ್ಕುಗಳ ಮುಂದೆ ಒಂದಿಷ್ಟು ಆಹಾರ, ನೀರು ಇಟ್ಟು ಬಾಗಿಲು ಹಾಕಿಕೊಂಡು ಹೊರಟಿದ್ದರು. ಹಿಂದಿರುಗಲು ವಾರಗಳೇ ಬೇಕಾದವು. ರೆಡ್ ಕ್ರಾಸ್ ನಡೆಸುತ್ತಿದ್ದ ಆಶ್ರಯ ಶಿಬಿರಗಳಲ್ಲಿಯೂ ಸಾಕುಪ್ರಾಣಿಗಳಿಗೆ ಪ್ರವೇಶವಿರಲಿಲ್ಲ. ರೋಗ, ಅಲರ್ಜಿ, ಗದ್ದಲ ಇವು ಅದಕ್ಕೆ ಕೊಡುತ್ತಿದ್ದ ಕಾರಣಗಳು. ಸಾವಿರಾರು ಜನ ಒಂದೇ ಸೂರಿನಡಿ ಮಲಗುವ ಕಡೆ ಅವು ತೀರಾ ಹುರುಳಿಲ್ಲದ ಕಾರಣಗಳೇನೂ ಅಲ್ಲ.

ಸರ್ಕಾರ ಮತ್ತು ದೊಡ್ಡ ಸಂಸ್ಥೆಗಳು ಹೀಗೆ ಬಿಟ್ಟ ತೆರವನ್ನು ತುಂಬಲು ಮುಂದೆ ಬಂದವರಲ್ಲಿ ಒಂದು ವಿಚಿತ್ರ ವರ್ಗವಿತ್ತು. ಅವರೇ ಅಂತರ್ಜಾಲದ ಅಭಿಮಾನಿ ಬಳಗಗಳು. ದೂರದರ್ಶನ ಧಾರಾವಾಹಿ, ಕಾದಂಬರಿ, ಸಂಗೀತ ತಂಡ ಹೀಗೆ ಯಾವುದಾದರೊಂದರ ಗೀಳು ಹತ್ತಿಸಿಕೊಂಡು, ಅದರ ಬಗ್ಗೆಯೇ ಹಗಲಿರುಳು ಹರಟುತ್ತಿದ್ದವರು.

ಕನ್ನಡಿಗರಿಗೆ ಅಭಿಮಾನಿ ಸಂಘ ಹೊಸದಲ್ಲ. ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ರಕ್ತದಾನ, ಅನ್ನದಾನ ಏರ್ಪಡಿಸುವುದು ಇಲ್ಲಿ ವಾಡಿಕೆ. ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದ ಡಾ. ರಾಜ್‌ಕುಮಾರ್ ಅವರ ನಾಡಿದು. ಆದರೆ ನಮ್ಮ ಸಂಘಕ್ಕೆ ಒಂದು ಊರಿದೆ, ವೃತ್ತದಲ್ಲಿ ಒಂದು ಫಲಕವಿದೆ, ಅಧ್ಯಕ್ಷರಿದ್ದಾರೆ. ಅಂತರ್ಜಾಲದ ಬಳಗಕ್ಕೆ ಇವು ಯಾವುವೂ ಇರಲಿಲ್ಲ. ಅನೇಕರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ನಿಜವಾದ ಹೆಸರೂ ತಿಳಿಯದು. ಇಂಥವರು ಹಣ ಎತ್ತಿದ್ದು ಹೇಗೆ ಎಂಬುದೇ ಸ್ವಾರಸ್ಯದ ಸಂಗತಿ.

ಇದಕ್ಕೆ ಹಿಂದಿನ ಒಂದು ಕಥೆಯಿದೆ. 1970ರ ನವೆಂಬರ್‌ನಲ್ಲಿ ಅಂದಿನ ಪೂರ್ವ ಪಾಕಿಸ್ತಾನಕ್ಕೆ ಬಡಿದ ಭೋಲಾ ಚಂಡಮಾರುತ ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದರ ಬೆನ್ನಿಗೇ ಯುದ್ಧ, ಲಕ್ಷೋಪಲಕ್ಷ ನಿರಾಶ್ರಿತರು. ಸಿತಾರ್ ವಾದಕ ಪಂಡಿತ್ ರವಿಶಂಕರ್ ತಮ್ಮ ಗೆಳೆಯ, ‘ಬೀಟಲ್ಸ್’ ತಂಡದ ಜಾರ್ಜ್ ಹ್ಯಾರಿಸನ್ ಅವರ ಬಳಿ ಸಂಕಟ ತೋಡಿಕೊಂಡರು. 1971ರ ಆಗಸ್ಟ್ 1ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದೇ ದಿನ ಎರಡು ಕಛೇರಿಗಳು ನಡೆದವು. ಸುಮಾರು 40 ಸಾವಿರ ಅಭಿಮಾನಿಗಳು ಬಂದರು. (ಕಲಾವಿದರು ಶ್ರುತಿ ಮಾಡಿಕೊಂಡದ್ದಕ್ಕೇ ಸಭೆ ಜೋರಾಗಿ ಚಪ್ಪಾಳೆ ತಟ್ಟಿದಾಗ, ಇನ್ನು ವಾದನ ನಿಮಗೆ ಇನ್ನಷ್ಟು ಹಿಡಿಸಬಹುದು ಎಂದು ರವಿಶಂಕರ್ ಚಟಾಕಿ ಹಾರಿಸಿದ್ದರು.) ಟಿಕೆಟ್‌ಗಳಿಂದ ಬಂದ ಸುಮಾರು 2.43 ಲಕ್ಷ ಡಾಲರ್ ಯುನಿಸೆಫ್‌ಗೆ ಸಂದಾಯವಾಯಿತು. ಧ್ವನಿಮುದ್ರಿಕೆ ಮತ್ತು ಚಲನಚಿತ್ರದ ಗಳಿಕೆಯ ದೊಡ್ಡ ಪಾಲು ಮಾತ್ರ ತೆರಿಗೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ದತ್ತಿ ಸಂಸ್ಥೆಯೊಂದರ ಮೂಲಕ ಕಾರ್ಯಕ್ರಮವನ್ನು ಮೊದಲೇ ಏರ್ಪಡಿಸದೇ ಹೋದದ್ದು ಇದಕ್ಕೆ ಕಾರಣ. ಒಳ್ಳೆಯ ಮನಸ್ಸಿತ್ತು, ಲೆಕ್ಕಪತ್ರದ ಮುಂದಾಲೋಚನೆ ಇರಲಿಲ್ಲ.

ಅಲ್ಲಿ ಕಲಾವಿದ ಕರೆದ, ಅಭಿಮಾನಿ ಬಂದ. ಅಂತರ್ಜಾಲ ಬಂದ ಮೇಲೆ ಅಭಿಮಾನಿಗೆ ಯಾರ ಕರೆಯೂ ಬೇಕಾಗಲಿಲ್ಲ. ಕತ್ರಿನಾ ಮತ್ತು ಅದರ ಹಿಂದೆಯೇ ಬಂದ ರೀಟಾ ಚಂಡಮಾರುತದ ಬಳಿಕ 1.3 ಕೋಟಿ ಅಮೆರಿಕನ್ನರು ಅಂತರ್ಜಾಲದ ಮೂಲಕ ದೇಣಿಗೆ ಕೊಟ್ಟರೆಂದೂ, 70 ಲಕ್ಷ ಮಂದಿ ಅಂತರ್ಜಾಲವನ್ನೇ ಬಳಸಿ ತಾವೇ ಪರಿಹಾರ ಕಾರ್ಯಕ್ಕೆ ಇಳಿದರೆಂದೂ ‘ಪ್ಯೂ’ ಸಂಶೋಧನಾ ಸಂಸ್ಥೆಯ 2005ರ ಸಮೀಕ್ಷೆ ಹೇಳಿತು. ಮೊದಲನೆಯದಕ್ಕಿಂತ ಎರಡನೆಯ ಸಂಖ್ಯೆಯೇ ಹೆಚ್ಚು ಗಮನಾರ್ಹ. ಸಂಗೀತಪ್ರಿಯರ ಆತಂಕಕ್ಕೆ ಇನ್ನೊಂದು ಕಾರಣವೂ ಇತ್ತು. ನ್ಯೂ ಆರ್ಲಿಯನ್ಸ್ ಜಾಜ್‌ನ ತವರು. ಕಾಯಿಲೆಯ ಹೆಂಡತಿಯೊಡನೆ ಮನೆಯಲ್ಲೇ ಉಳಿದ ಹಿರಿಯ ಗಾಯಕ ಫ್ಯಾಟ್ಸ್ ಡಾಮಿನೊ ಸತ್ತರೆಂದು ಭಾವಿಸಿ, ಅವರ ಮನೆಯ ಗೋಡೆಯ ಮೇಲೆ ಯಾರೋ ಶ್ರದ್ಧಾಂಜಲಿಯನ್ನೂ ಬರೆದುಬಿಟ್ಟಿದ್ದರು. ಅವರನ್ನು ರಕ್ಷಿಸಲಾಗಿದೆ ಎಂಬುದು ಕೆಲವು ದಿನಗಳ ನಂತರ ತಿಳಿಯಿತು.

ಅಭಿಮಾನಿ ಬಳಗಗಳು ಆ ವರ್ಷಗಳಲ್ಲಿ ರೂಢಿಸಿಕೊಂಡ ವಿಧಾನ ಹರಾಜು. ಒಬ್ಬಾಕೆ ನೆಚ್ಚಿನ ಪಾತ್ರಗಳನ್ನಿಟ್ಟು ಕಥೆ ಬರೆದುಕೊಡುತ್ತಾಳೆ. ಇನ್ನೊಬ್ಬ ಚಿತ್ರ ಬಿಡಿಸಿಕೊಡುತ್ತಾನೆ. ಮತ್ತೊಬ್ಬರು ಉಣ್ಣೆಯ ಮಫ್ಲರ್ ಹೆಣೆದುಕೊಡುತ್ತಾರೆ. ಹೆಚ್ಚು ಕೂಗಿದವರಿಗೆ ಅದು ದಕ್ಕುತ್ತದೆ. ಹರಾಜು ನಡೆಸುವವರು ಹಣವನ್ನು ಮುಟ್ಟದಿರುವುದು ಇದರ ಜಾಣ್ಮೆ. ಗೆದ್ದವರು ನೇರವಾಗಿ ಪರಿಹಾರ ಸಂಸ್ಥೆಗೆ ಹಣ ಕಟ್ಟಿ, ರಸೀದಿ ತೋರಿಸಿದರೆ ಸಾಕು. 1971ರ ತೊಡಕು ಇಲ್ಲಿ ತಾನಾಗಿಯೇ ತಪ್ಪಿತು. ಹೈಟಿ ಭೂಕಂಪದ ನಂತರ 2010ರಲ್ಲಿ ಹ್ಯಾರಿ ಪಾಟರ್ ಅಭಿಮಾನಿಗಳ ಸಂಘಟನೆಯೊಂದು 1.23 ಲಕ್ಷ ಡಾಲರ್ ಕೂಡಿಸಿ, ಐದು ವಿಮಾನಗಳಷ್ಟು ವೈದ್ಯಕೀಯ ಸಾಮಗ್ರಿ ಕಳಿಸುವ ಮಟ್ಟಕ್ಕೆ ಈ ಅಭ್ಯಾಸ ಬೆಳೆಯಿತು.

ಕತ್ರಿನಾ ಹೆಸರಿನಲ್ಲಿ ಮೋಸಗಾರರೂ ಕಡಿಮೆಯಿರಲಿಲ್ಲ. ವಂಚನೆ ತಡೆಯಲೆಂದೇ ಅಮೆರಿಕದ ನ್ಯಾಯಾಂಗ ಇಲಾಖೆ 2005ರ ಸೆಪ್ಟೆಂಬರ್ 8ರಂದು ವಿಶೇಷ ಕಾರ್ಯಪಡೆ ರಚಿಸಬೇಕಾಯಿತು. ಇಂಥ ಹೊತ್ತಿನಲ್ಲಿ ಅಭಿಮಾನಿ ಬಳಗದ ಬಂಡವಾಳ ವರ್ಷಗಳ ಹರಟೆಯೇ ಆಗಿತ್ತು. ಹೆಸರು ತಿಳಿಯದಿದ್ದರೂ ಮಾತಿನ ಧಾಟಿ, ಮುಂಗೋಪ, ಸಾಕಿದ ಬೆಕ್ಕಿನ ಹೆಸರು ಎಲ್ಲವೂ ಪರಸ್ಪರ ಗೊತ್ತು. ಮೋಸ ಮಾಡಿದವನು ಊರು ಬಿಡಬೇಕಾದಂತೆ ಬಳಗ ಬಿಡಬೇಕಾಗುತ್ತಿತ್ತು.

ಬೆಕ್ಕಿನ ಹೆಸರು ಗೊತ್ತಿದ್ದುದರಿಂದ ಇನ್ನೊಂದು ಪರಿಣಾಮವೂ ಆಯಿತು. ‘ಸಂತ್ರಸ್ತರು’ ಎಂದಾಗ ಅವರ ಸಾಕುಪ್ರಾಣಿಗಳನ್ನು ಬೇರ್ಪಡಿಸುವುದು ಈ ಬಳಗಗಳಿಗೆ ಸಹಜವಾಗಿ ತೋರಲಿಲ್ಲ. ಸಾರ್ವಜನಿಕರ ದೇಣಿಗೆ ಪ್ರಾಣಿ ಸಂಸ್ಥೆಗಳಿಗೂ ಹರಿಯಿತು. ‘ಹ್ಯೂಮೇನ್ ಸೊಸೈಟಿ’ಯೊಂದಕ್ಕೇ 3 ಕೋಟಿ ಡಾಲರ್‌ಗೂ ಹೆಚ್ಚು ಬಂತು. ಲೂಸಿಯಾನಾದ ಗೊಂಜಾಲೆಸ್ ಪಟ್ಟಣದ ಲಾಮಾರ್-ಡಿಕ್ಸನ್ ವಸ್ತುಪ್ರದರ್ಶನ ಕೇಂದ್ರ ಸಾವಿರಾರು ಪ್ರಾಣಿಗಳ ತಾತ್ಕಾಲಿಕ ಆಶ್ರಯವಾಯಿತು. ದೂರದ ಊರುಗಳಲ್ಲಿ ಕಂಪ್ಯೂಟರ್ ಮುಂದೆ ಕುಳಿತವರು ಮಾಲೀಕರ ವಿವರಣೆಯನ್ನೂ, ಶಿಬಿರಗಳಿಂದ ಬಂದ ಚಿತ್ರಗಳನ್ನೂ ಒಂದೊಂದಾಗಿ ಹೋಲಿಸಿ ನೋಡುತ್ತಿದ್ದರು. ರಾತ್ರಿಯಿಡೀ ಧಾರಾವಾಹಿಯ ಒಂದೊಂದು ದೃಶ್ಯವನ್ನೂ ಜಾಲಾಡಿ ಅಭ್ಯಾಸವಿದ್ದವರಿಗೆ ಇದೇನೂ ಅಪರಿಚಿತ ಕೆಲಸವಲ್ಲ.

ಮನುಷ್ಯರೇ ಸಾಯುತ್ತಿರುವಾಗ ನಾಯಿಗೆ ಹಣವೇ ಎಂಬ ಆಕ್ಷೇಪ ಸಹಜ. ಅದಕ್ಕೆ ಉತ್ತರ 2006ರಲ್ಲಿ ‘ಫ್ರಿಟ್ಜ್ ಇನ್‌ಸ್ಟಿಟ್ಯೂಟ್’ ಮಾಡಿಸಿದ ಸಮೀಕ್ಷೆಯಲ್ಲಿ ಸಿಕ್ಕಿತು. ಕತ್ರಿನಾ ಬರುವ ಮುನ್ನ ಮನೆ ಬಿಡಲೊಪ್ಪದವರಲ್ಲಿ ಶೇ 44ರಷ್ಟು ಮಂದಿ, ಸಾಕುಪ್ರಾಣಿಯನ್ನು ತೊರೆಯಲಾರದ್ದೂ ಅದಕ್ಕೊಂದು ಕಾರಣ ಎಂದಿದ್ದರು. ನಾಯಿಗೆ ದೋಣಿಯಲ್ಲಿ ಜಾಗವಿಲ್ಲ ಎಂದರೆ ಯಜಮಾನನೂ ಸೂರಿನ ಮೇಲೇ ಉಳಿಯುತ್ತಾನೆ. ಅಧಿಕಾರಿಗಳು ಇದನ್ನು ಅಂಕಿ ಅಂಶದಿಂದ ಅರಿತರು. ಅಭಿಮಾನಿಗಳಿಗೆ ಅದು ಮೊದಲೇ ತಿಳಿದಿತ್ತು. ನಾಜಿಗಳ ನರಮೇಧದಿಂದ ಪಾರಾಗಿ ಬಂದಿದ್ದ ಟಾಮ್ ಲ್ಯಾಂಟೋಸ್ ಮತ್ತು ಕ್ರಿಸ್ಟಫರ್ ಶೇಸ್ ಎಂಬ ಸಂಸದರು ಮಂಡಿಸಿದ ಮಸೂದೆ 349-24 ಮತಗಳಿಂದ ಕೆಳಮನೆಯ ಒಪ್ಪಿಗೆ ಪಡೆಯಿತು. 2006ರ ಅಕ್ಟೋಬರ್ 6ರಂದು ಅಧ್ಯಕ್ಷ ಬುಷ್ ಅಂಕಿತ ಹಾಕಿದರು. ಕೇಂದ್ರದ ವಿಪತ್ತು ನೆರವು ಬಯಸುವ ರಾಜ್ಯಗಳು ತಮ್ಮ ಸ್ಥಳಾಂತರ ಯೋಜನೆಯಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸುವುದು ಅಲ್ಲಿಂದ ಕಡ್ಡಾಯವಾಯಿತು.

ಆದರೆ ದೂರದವರ ಕರುಣೆಗೆ ಕಾಣದ ಮೂಲೆಗಳೂ ಇದ್ದವು. ರಕ್ಷಿಸಿದ ಪ್ರಾಣಿಗಳನ್ನು ಜಾಗ ಸಾಲದೆ ದೇಶದ ಉದ್ದಗಲಕ್ಕೂ ಕಳಿಸಲಾಯಿತು. ಚಿತ್ರ, ವಿವರಗಳೆಲ್ಲ ಅಂತರ್ಜಾಲದಲ್ಲಿದ್ದವು, ನಿಜ. ಆದರೆ ಎಲ್ಲವನ್ನೂ ಕಳೆದುಕೊಂಡು ಬೇರೆ ರಾಜ್ಯದ ಶಿಬಿರದಲ್ಲಿ ಕುಳಿತ ಬಡವನಿಗೆ, ಅದರಲ್ಲೂ ಹೆಚ್ಚಾಗಿ ಕಪ್ಪುಜನರಿಗೆ, ಕಂಪ್ಯೂಟರ್ ಎಲ್ಲಿಂದ ಬರಬೇಕು? ಹುಡುಕುವಷ್ಟರಲ್ಲಿ ನಾಯಿ ಇನ್ನಾರದೋ ಮನೆ ಸೇರಿರುತ್ತಿತ್ತು. ಅಂಥ ಕಡೆ ನಾಯಿಯನ್ನು ಬಿಟ್ಟುಬಂದವರು ಅದಕ್ಕೆ ಯೋಗ್ಯರಲ್ಲ ಎಂಬ ವಾದವೂ ಕೇಳಿಬಂತು. ಬಸ್ಸಿನ ಬಾಗಿಲಲ್ಲಿ ಯಾರು ಯಾರಿಂದ ಏನನ್ನು ಕಿತ್ತುಕೊಂಡರು ಎಂಬುದನ್ನು ಆ ವಾದ ಮರೆತಿತ್ತು. 2009ರಲ್ಲಿ ತೆರೆಕಂಡ ‘ಮೈನ್’ ಎಂಬ ಸಾಕ್ಷ್ಯಚಿತ್ರದ ವಸ್ತು ಇದೇ ಜಗಳ.

ಹಲವು ಪ್ರಕರಣಗಳು ನ್ಯಾಯಾಲಯ ಹತ್ತಿದವು. ಅವುಗಳಲ್ಲೊಂದು ಸೇಂಟ್ ಬರ್ನಾರ್ಡ್ ತಳಿಯ ನಾಯಿಯದು. ಅದನ್ನು ಫ್ಲಾರಿಡಾದ ಸರ್ಕಾರಿ ವಕೀಲೆಯೊಬ್ಬರು ದತ್ತು ಪಡೆದಿದ್ದರು. ಮುಂದೆ 2025ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹುದ್ದೆಗೇರಿದ ಪಾಮ್ ಬಾಂಡಿ ಅವರೇ ಆಕೆ. ಲೂಸಿಯಾನಾದ ಮೂಲ ಮಾಲೀಕರು ದಾವೆ ಹೂಡಿದರು. 2007ರಲ್ಲಿ ವಿಚಾರಣೆ ಆರಂಭವಾಗುವ ಮೊದಲೇ ರಾಜಿಯಾಯಿತು. ನಾಯಿ ತನ್ನ ಹಳೆಯ ಮನೆಗೆ ಹಿಂದಿರುಗಿತು. ಸಾಕಿದಾಕೆ ಬಂದು ಅದನ್ನು ನೋಡಿಹೋಗಬಹುದು ಎಂಬ ಮಾತೂ ಆಯಿತು.